ನಿಮಿಷಕ್ಕೆ 21 ಸೆಂಟ್

ಹೋದ ತಿಂಗಳು ಪರಿಚಯದವರೊಬ್ಬರು, ಕನ್ನಡ ಕೂಟದ ಊಟದ ಸಾಲಿನಲ್ಲಿ ಎದುರಾದಾಗ ಏನೂ ಹೇಳದೆ, ಮನೆಗೆ ಹೋದ ಮೇಲೆ ಫೋನ್ ಮಾಡಿ, ದನಿ ತಗ್ಗಿಸಿ, ಜೈಲಿನಲ್ಲಿರುವ ಮಗನ ಜೊತೆ ಕಡಿಮೆ ಖರ್ಚಿನಲ್ಲಿ ಮಾತನಾಡುವುದು ಹೇಗೆಂದು ಕೇಳಿದರು. ನನ್ನನ್ನೇ ಕೇಳಿದ್ದಕ್ಕೆ ಕಾರಣವಿದೆ. ನನ್ನ ಅಕ್ಕನ ಮಗ 2017ರ ವಸಂತದಿಂದ ಮೂರೂವರೆ ವರ್ಷ ಅಮೆರಿಕದ ಫೆಡರಲ್, ಅಂದರೆ ಕೇಂದ್ರ ಸರ್ಕಾರದ, ಜೈಲಿನಲ್ಲಿದ್ದ. ಅವನ ಅಪರಾಧ ಯಾವುದೆಂದು ನಾನು ಇಲ್ಲಿ ಬರೆಯುವುದಿಲ್ಲ. ತಪ್ಪನ್ನು ನ್ಯಾಯಾಲಯದಲ್ಲಿ ಅವನೇ ಒಪ್ಪಿಕೊಂಡಿದ್ದ. ಆ ವರ್ಷಗಳಲ್ಲಿ ನಾವು ಕಲಿತ ಫೋನಿನ ಲೆಕ್ಕವನ್ನು ಮಾತ್ರ ಬರೆಯುತ್ತೇನೆ.

ಆಗ ಫೆಡರಲ್ ಜೈಲಿನ ಕೈದಿಗೆ ತಿಂಗಳಿಗೆ 300 ನಿಮಿಷಗಳ ಮಿತಿಯಿತ್ತು, ನವೆಂಬರ್ ಮತ್ತು ಡಿಸೆಂಬರ್ ತಿಂಗಳುಗಳಲ್ಲಿ ಮಾತ್ರ 400. ಒಂದು ಕರೆ 15 ನಿಮಿಷ ದಾಟುವಂತಿರಲಿಲ್ಲ. ಸ್ಥಳೀಯ ಕರೆಗೆ ನಿಮಿಷಕ್ಕೆ 6 ಸೆಂಟ್, ದೇಶದೊಳಗಿನ ದೂರದ ಕರೆಗೆ 21 ಸೆಂಟ್. ನಾವಿದ್ದದ್ದು ನ್ಯೂಜೆರ್ಸಿಯಲ್ಲಿ, ಅವನಿದ್ದದ್ದು ಪೆನ್ಸಿಲ್ವೇನಿಯಾದ ಪಶ್ಚಿಮದ ತುದಿಯಲ್ಲಿ, ಆದ್ದರಿಂದ ನಮಗೆ ಬಿದ್ದದ್ದು ಎರಡನೆಯ ದರ. ಜೈಲಿನೊಳಗಿನ ಸಾಮಾನ್ಯ ಕೆಲಸಕ್ಕೆ ಗಂಟೆಗೆ 12ರಿಂದ 40 ಸೆಂಟ್ ಕೂಲಿ. ಅಡುಗೆಮನೆಯಲ್ಲಿ 12 ಸೆಂಟಿಗೆ ದುಡಿಯುತ್ತಿದ್ದ ಅವನು ತಾಯಿಯ ಜೊತೆ ಒಂದು ಸಲ 15 ನಿಮಿಷ ಮಾತನಾಡಬೇಕಾದರೆ 26 ಗಂಟೆ ಪಾತ್ರೆ ತಿಕ್ಕಬೇಕಿತ್ತು. ಹಾಗಾಗಿ ಹಣ ಹೋಗುತ್ತಿದ್ದದ್ದು ಹೊರಗಿನಿಂದಲೇ, ಅಂದರೆ ಅಕ್ಕನ ಸಂಬಳದಿಂದ. ಶಿಕ್ಷೆ ಒಬ್ಬನಿಗೆ, ದಂಡ ಕಟ್ಟುವವರು ಇನ್ನೊಬ್ಬರು ಎಂದು ಅಕ್ಕ ಒಮ್ಮೆ ನಗುತ್ತಲೇ ಹೇಳಿದ್ದಳು.

ದಾರಿ ತೋರಿಸಿದವರು ಜೈಲಿನ ಭೇಟಿ ಕೊಠಡಿಯಲ್ಲಿ ಪಕ್ಕದ ಕುರ್ಚಿಯಲ್ಲಿದ್ದ ಒಬ್ಬ ಅಜ್ಜಿ. ಜೈಲಿರುವ ಊರಿನದೇ ಒಂದು ಫೋನ್ ನಂಬರನ್ನು ಇಂಟರ್ನೆಟ್ ಮೂಲಕ ಕೊಂಡುಕೊಳ್ಳಿ, ಅದು ನಿಮ್ಮ ಮೊಬೈಲಿನಲ್ಲೇ ರಿಂಗಾಗುತ್ತದೆ, ಜೈಲಿನ ಲೆಕ್ಕದಲ್ಲಿ ಅದು ಸ್ಥಳೀಯ ಕರೆ ಎಂದರು ಆಕೆ. 300 ನಿಮಿಷಕ್ಕೆ 63 ಡಾಲರ್ ಆಗುತ್ತಿದ್ದದ್ದು 18 ಡಾಲರಿಗೆ ಇಳಿಯುತ್ತದೆ; ನಂಬರಿನ ಬಾಡಿಗೆ ತಿಂಗಳಿಗೆ ಎರಡು ಮೂರು ಡಾಲರ್. ನಾನು ಆ ರಾತ್ರಿಯೇ ಅದೇ ಏರಿಯಾ ಕೋಡಿನ (ಪ್ರದೇಶ ಸೂಚಿಸುವ ಮೊದಲ ಮೂರು ಅಂಕಿಗಳ) ಒಂದು ನಂಬರನ್ನು ಕೊಂಡು, ಬುದ್ಧಿವಂತಿಕೆ ಮಾಡಿದೆನೆಂದು ಬೀಗಿದೆ. ಮುಂದಿನ ತಿಂಗಳ ಲೆಕ್ಕ ನೋಡಿದರೆ ಮತ್ತೆ ಅದೇ 21 ಸೆಂಟ್. ಏರಿಯಾ ಕೋಡ್ ಒಂದೇ ಆಗಿದ್ದರೆ ಸಾಲದು, ಆ ನಂಬರು ಸೇರಿದ ಎಕ್ಸ್‌ಚೇಂಜ್ ಕೂಡ ಜೈಲಿನ ಸ್ಥಳೀಯ ಕರೆಯ ವ್ಯಾಪ್ತಿಯೊಳಗೇ ಇರಬೇಕು ಎಂಬುದು ನನಗೆ ಗೊತ್ತಿರಲಿಲ್ಲ. ನಾನು ಕೊಂಡಿದ್ದು ಅರವತ್ತು ಮೈಲಿ ಆಚೆಯ ಊರಿನದು. ಎರಡನೆಯ ಸಲ ಸರಿಯಾದ ಊರಿನ ನಂಬರು ತೆಗೆದುಕೊಂಡೆವು. ಅದನ್ನು ಅವನು ತಾನು ಕರೆ ಮಾಡಬಹುದಾದ ನಂಬರುಗಳ ಪಟ್ಟಿಗೆ ಸೇರಿಸಿ ಜೈಲಿನವರ ಒಪ್ಪಿಗೆ ಪಡೆಯಬೇಕಿತ್ತು, ಆ ಪಟ್ಟಿಯಲ್ಲಿ ನಂಬರು ಯಾರದೆಂದು ಅಕ್ಕನ ನಿಜವಾದ ಹೆಸರನ್ನೇ ಬರೆಯಿಸಿದೆವು. ಒಂದೂವರೆ ವರ್ಷದ ನಂತರ ಅವನನ್ನು ಬೇರೆ ರಾಜ್ಯದ ಜೈಲಿಗೆ ವರ್ಗಾಯಿಸಿದಾಗ ಆ ನಂಬರು ನಿರುಪಯೋಗಿಯಾಗಿ, ಎಲ್ಲವನ್ನೂ ಮೊದಲಿನಿಂದ ಮಾಡಬೇಕಾಯಿತು. ಕೈದಿಗಳ ಕುಟುಂಬಗಳಿಗೆಂದೇ ಜಾಹೀರಾತು ಕೊಟ್ಟು ಇದೇ ನಂಬರನ್ನು ಮೂರು ನಾಲ್ಕು ಪಟ್ಟು ಬೆಲೆಗೆ ಮಾರುವ ಕಂಪನಿಗಳೂ ಇದ್ದವು. ಅಂಥದ್ದೊಂದು, ನಾವು ಬೇಡವೆಂದ ಮೇಲೂ ಎರಡು ತಿಂಗಳು ಅಕ್ಕನ ಕಾರ್ಡಿನಿಂದ ಹಣ ಎಳೆಯಿತು.

ಈ ಉಪಾಯಕ್ಕೆ ನಿಲುಕದೆ ಉಳಿದವರೆಂದರೆ ಅರಸೀಕೆರೆಯಲ್ಲಿದ್ದ ನಮ್ಮ ಅಮ್ಮ. ಹುಡುಗ ಅಮೆರಿಕದಲ್ಲೇ ಬೆಳೆದವನು, ಕನ್ನಡ ಮಾತನಾಡುತ್ತಾನೆ, ಓದಲಾರ. ಅಮ್ಮನಿಗೆ ಇಂಗ್ಲಿಷ್ ಬಾರದು. ಹೀಗಾಗಿ ಅಜ್ಜಿ ಮೊಮ್ಮಗನ ನಡುವೆ ಪತ್ರಕ್ಕೂ ಇಮೇಲಿಗೂ ಎಡೆಯಿಲ್ಲದೆ, ಉಳಿದದ್ದು ಬಾಯಿಮಾತು ಒಂದೇ. ಭಾರತಕ್ಕೆ ಮಾಡುವ ಕರೆಗೆ ನಿಮಿಷಕ್ಕೆ 99 ಸೆಂಟ್, ಹದಿನೈದು ನಿಮಿಷಕ್ಕೆ ಆಗಿನ ಲೆಕ್ಕದಲ್ಲಿ ಸುಮಾರು 1,000 ರೂಪಾಯಿ. ನ್ಯೂಜೆರ್ಸಿಗೆ ಬಂದ ಕರೆಯನ್ನು ನಾವೇ ಅರಸೀಕೆರೆಗೆ ಜೋಡಿಸಿಬಿಡೋಣವೆಂದು ನಾನು ಹೇಳಿದಾಗ ಹುಡುಗ ಗಾಬರಿಯಿಂದ ಬೇಡವೆಂದ: ಮೂರನೆಯವರನ್ನು ಕರೆಗೆ ಸೇರಿಸುವುದು ಜೈಲಿನ ನಿಯಮಕ್ಕೆ ವಿರುದ್ಧ, ಸಿಕ್ಕಿಬಿದ್ದರೆ ತಿಂಗಳುಗಟ್ಟಲೆ ಫೋನೇ ಇರುವುದಿಲ್ಲ. ಕೊನೆಗೆ ತಿಂಗಳಿಗೊಂದು ಭಾನುವಾರ ಹತ್ತು ನಿಮಿಷ ಎಂದು ಗೊತ್ತುಮಾಡಿಕೊಂಡೆವು.

ಮೊಮ್ಮಗ ದೂರದ ಊರಿನಲ್ಲಿ ಕೆಲಸಕ್ಕಿದ್ದಾನೆಂದು ನಾವು ಅಮ್ಮನಿಗೆ ಹೇಳಿದ್ದೆವು. ಫೋನೆತ್ತಿದ ಕೂಡಲೇ, ಇದು ಫೆಡರಲ್ ಜೈಲಿನಿಂದ ಬಂದ ಕರೆ, ಒಪ್ಪುವುದಾದರೆ 5 ಒತ್ತಿ ಎನ್ನುವ ಧ್ವನಿಮುದ್ರಿತ ಘೋಷಣೆ ಇಂಗ್ಲಿಷಿನಲ್ಲಿ ಬರುತ್ತಿತ್ತು. ತಮ್ಮನ ಹೆಂಡತಿ 5 ಒತ್ತಿ ಫೋನನ್ನು ಅಮ್ಮನ ಕೈಗೆ ಕೊಡುತ್ತಿದ್ದಳು. ಮಾತಿನ ನಡುವೆಯೂ ಆ ಘೋಷಣೆ ಮರಳಿ ಬರುತ್ತಿದ್ದುದರಿಂದ, ಅದು ಯಾರು ಮಧ್ಯೆ ಬಾಯಿ ಹಾಕುವುದು ಎಂದು ಅಮ್ಮ ಮೊದಮೊದಲು ಕೇಳುತ್ತಿದ್ದರು, ಲೈನಿನ ತೊಂದರೆ ಎಂದು ನಾವು ತೇಲಿಸುತ್ತಿದ್ದೆವು. ಆರೇಳು ತಿಂಗಳಾದ ಮೇಲೆ ಒಂದು ಭಾನುವಾರ ಅಮ್ಮ ಅವನಿಗೆ, "ಆ ದನಿ ಬರೋದ್ರೊಳಗೆ ಹೇಳು ಮಗಾ, ಅಲ್ಲಿ ಹೊಟ್ಟೆ ತುಂಬ ಹಾಕ್ತಾರಾ?" ಎಂದರಂತೆ. ಅವನು ಹೌದು ಎಂದ. ಅದಾದ ಮೇಲೆ ಅಮ್ಮ ಕೆಲಸದ ವಿಷಯ ಕೇಳಲಿಲ್ಲ, ನಾವೂ ಹೇಳಲಿಲ್ಲ. 2020ರ ಏಪ್ರಿಲ್‌ನಲ್ಲಿ, ಕೊರೊನಾದಿಂದ ಭೇಟಿಗಳು ನಿಂತುಹೋಗಿದ್ದಾಗ, ಫೆಡರಲ್ ಜೈಲುಗಳಲ್ಲಿ ಕರೆಗಳನ್ನು ಉಚಿತವಾಗಿಸಿದರು; ಮಿತಿಯನ್ನು ಮಾರ್ಚ್ ತಿಂಗಳಲ್ಲೇ 500 ನಿಮಿಷಕ್ಕೆ ಏರಿಸಿದ್ದರು. ಅವನ ಬಿಡುಗಡೆಗೆ ಆಗ ಕೆಲವೇ ತಿಂಗಳು ಉಳಿದಿದ್ದವು.

ನನ್ನನ್ನು ಕೇಳಿದವರ ಮಗ ಇರುವುದು ಫೆಡರಲ್ ಜೈಲಿನಲ್ಲಲ್ಲ, ಕೌಂಟಿ (ಜಿಲ್ಲೆಯಂಥ ಸ್ಥಳೀಯ ಆಡಳಿತದ) ಜೈಲಿನಲ್ಲಿ, ಹಾಗಾಗಿ ನಮ್ಮ ಉಪಾಯ ಅವರಿಗೆ ಹಾಗೆಯೇ ಹೊಂದುವುದಿಲ್ಲ. ಕೌಂಟಿಗಳಲ್ಲಿ ಫೋನು ಖಾಸಗಿ ಕಂಪನಿಗಳ ಕೈಯಲ್ಲಿರುತ್ತದೆ. ಅನೇಕ ಕಡೆ ಆದಾಯದಲ್ಲಿ ಪಾಲು ಜೈಲು ನಡೆಸುವವರಿಗೇ ಸಲ್ಲುತ್ತಿದ್ದುದರಿಂದ ದರ ಇಳಿಸುವ ಆಸೆ ಇಬ್ಬರಿಗೂ ಇರಲಿಲ್ಲ. ಇದನ್ನು ಪ್ರಶ್ನಿಸಿದವರಲ್ಲಿ ಮುಖ್ಯರು ವಾಷಿಂಗ್ಟನ್ನಿನ ಮಾರ್ಥಾ ರೈಟ್ ಎಂಬ ನಿವೃತ್ತ ನರ್ಸ್. ಕಣ್ಣು ಕಾಣದ ಆಕೆಗೂ ಜೈಲಿನಲ್ಲಿದ್ದ ಮೊಮ್ಮಗನ ಜೊತೆ ಫೋನ್ ಬಿಟ್ಟರೆ ಬೇರೆ ದಾರಿ ಇರಲಿಲ್ಲ. 2000ದಲ್ಲಿ ನ್ಯಾಯಾಲಯಕ್ಕೆ, 2003ರಲ್ಲಿ ಫೋನ್ ದರಗಳನ್ನು ನಿಯಂತ್ರಿಸುವ ಕೇಂದ್ರದ ಸಂವಹನ ಆಯೋಗಕ್ಕೆ (ಎಫ್‌ಸಿಸಿ) ಹೋದ ಆಕೆಗೆ, ಅಂತರರಾಜ್ಯ ಕರೆಗಳ ದರಕ್ಕೆ ಆಯೋಗ ಮಿತಿ ಹಾಕಿದ್ದನ್ನು ನೋಡಲು 2013ರವರೆಗೆ ಕಾಯಬೇಕಾಯಿತು. ಆಕೆಯ ಹೆಸರಿನ ಕಾನೂನು 2023ರ ಜನವರಿಯಲ್ಲಿ ಜಾರಿಗೆ ಬರುವ ಹೊತ್ತಿಗೆ ಆಕೆ ಇರಲಿಲ್ಲ. ಆ ಕಾನೂನಿನ ಬಲದಿಂದ 2024ರಲ್ಲಿ ಆಯೋಗ ದೊಡ್ಡ ಜೈಲುಗಳಿಗೆ ನಿಮಿಷಕ್ಕೆ ಹೆಚ್ಚೆಂದರೆ 6 ಸೆಂಟ್ ಎಂದು ಗೊತ್ತುಮಾಡಿತು, 2025ರಲ್ಲಿ ಜಾರಿಯ ಗಡುವನ್ನು ತಾನೇ ಮುಂದೂಡಿತು. ಕನೆಕ್ಟಿಕಟ್, ಕ್ಯಾಲಿಫೋರ್ನಿಯಾ, ಮಿನ್ನೆಸೋಟ, ಮ್ಯಾಸಚೂಸೆಟ್ಸ್ ಮುಂತಾದ ಕೆಲವು ರಾಜ್ಯಗಳ ಕಾರಾಗೃಹಗಳಲ್ಲಿ ಕರೆಗೆ ಕೈದಿಯಾಗಲಿ ಮನೆಯವರಾಗಲಿ ಹಣ ಕೊಡಬೇಕಾಗಿಲ್ಲ.

ಆದ್ದರಿಂದ ಅವರಿಗೆ ನಾನು ಹೇಳಿದ್ದು ಇಷ್ಟು. ಆ ಜೈಲಿನ ನಿಮಿಷದ ದರವನ್ನು ಮೊದಲು ಕೇಳಿ. ಹಣ ತುಂಬುವಾಗ ಪ್ರತಿ ಸಲಕ್ಕೂ ಶುಲ್ಕ ಹಿಡಿಯುತ್ತಾರೆಯೇ ನೋಡಿ, ಹಿಡಿಯುವುದಾದರೆ ವಾರಕ್ಕೆ ಐದೈದು ಡಾಲರ್ ಹಾಕುವ ಬದಲು ತಿಂಗಳಿಗೊಮ್ಮೆ ಒಟ್ಟಿಗೆ ಹಾಕಿ. ನಂಬರು ಕೊಳ್ಳುವುದಕ್ಕೆ ಆತುರಪಡಬೇಡಿ. ಅವರು ಎಲ್ಲವನ್ನೂ ಬರೆದುಕೊಂಡು, ಸ್ವಲ್ಪ ತಡೆದು, ಆ ಫೋನಿನಲ್ಲಿ ಕನ್ನಡದಲ್ಲಿ ಮಾತನಾಡಬಹುದೇ ಎಂದು ಕೇಳಿದರು. ನಾವು ಮೂರೂವರೆ ವರ್ಷವೂ ಕನ್ನಡದಲ್ಲೇ ಮಾತನಾಡಿದೆವು, ಯಾರೂ ತಡೆಯಲಿಲ್ಲ, ಆದರೆ ಎಲ್ಲವೂ ಧ್ವನಿಮುದ್ರಣವಾಗುತ್ತದೆ, ಕೇಸಿನ ಮಾತನ್ನು ಮಾತ್ರ ಎತ್ತಬೇಡಿ, ಅದು ವಕೀಲರ ಹತ್ತಿರ ಇರಲಿ ಎಂದೆ.