ಪಾಸಾದ ಕೋರ್ಸನ್ನೇ ಮತ್ತೆ ತೆಗೆದುಕೊಳ್ಳಬೇಕಾ?

ಎರಡನೇ ಕ್ಯಾಲ್ಕುಲಸ್ ಕೋರ್ಸಿನಲ್ಲಿ ನನಗೆ ಡಿ ಗ್ರೇಡ್ ಬಂತು. ಕೊನೆಯ ಪರೀಕ್ಷೆಯಲ್ಲಿ 100ಕ್ಕೆ 41. ಫೇಲ್ ಅಲ್ಲ. ಕ್ರೆಡಿಟ್ ಸಿಕ್ಕಿದೆ. ಮುಂದಿನ ಸೆಮಿಸ್ಟರ್‌ನಲ್ಲಿ ಡಿಫರೆನ್ಷಿಯಲ್ ಈಕ್ವೇಷನ್ಸ್ ಅನ್ನುವ ಮುಂದಿನ ಗಣಿತ ಕೋರ್ಸ್ ತೆಗೆದುಕೊಳ್ಳಲು ಯಾರ ಅಡ್ಡಿಯೂ ಇಲ್ಲ. ತೀರ್ಮಾನ ಕಷ್ಟವಾಗಿದ್ದೇ ಅದಕ್ಕೆ. ಫೇಲ್ ಆಗಿದ್ದರೆ ಯೋಚಿಸುವ ಮಾತೇ ಇರಲಿಲ್ಲ, ಅಲ್ವಾ?

ಎರಡು ವಾರ ಮನಸ್ಸು ಹೊಯ್ದಾಡಿತು. ಬೆಳಿಗ್ಗೆ ಎದ್ದರೆ ಸಾಕು ಬಿಡು, ಮುಂದೆ ಹೋಗೋಣ ಅನ್ನಿಸುತ್ತಿತ್ತು. ರಾತ್ರಿ ಮಲಗಿದರೆ ಅದೇ ಪೇಪರು ಕಣ್ಣ ಮುಂದೆ. ಅಕ್ಕನ ಹತ್ತಿರ ಹೇಳಿಕೊಂಡೆ. "ಗ್ರೇಡ್ ಹಾಗಿರ್ಲಿ, ಆ ಪೇಪರ್ ಇಟ್ಕೊಂಡು ಒಂದ್ಸಲ ಕೂತು ನೋಡಿದ್ಯಾ?" ಅಂತ ಕೇಳಿದಳು. ನೋಡಿರಲಿಲ್ಲ. ಕೈಗೆ ಬಂದ ದಿನವೇ ಮಡಚಿ ಬ್ಯಾಗಿನ ತಳಕ್ಕೆ ತುರುಕಿದ್ದೆ.

ಶನಿವಾರ ಹೊರಗೆ ತೆಗೆದೆ. ಹೋದ 59 ಅಂಕ ಎಲ್ಲೆಲ್ಲಿ ಹೋಯಿತು ಅಂತ ಒಂದೊಂದಾಗಿ ಬರೆದೆ. 9 ಅಂಕ ಪ್ಲಸ್ ಮೈನಸ್ ತಪ್ಪಿ ಹೋಗಿದ್ದು. ಅದರ ಚಿಂತೆ ನನಗಿಲ್ಲ. 22 ಅಂಕ ಇಂಟಿಗ್ರೇಷನ್‌ನಲ್ಲಿ. ಅಲ್ಲಿ ವಿಧಾನ ಗೊತ್ತಿತ್ತು, ಎಡವಿದ್ದು ಹಳೆಯ ಬೀಜಗಣಿತದಲ್ಲಿ ಮತ್ತು ಟ್ರಿಗನಾಮೆಟ್ರಿ ಸೂತ್ರಗಳಲ್ಲಿ. ಉಳಿದ 28 ಪೂರ್ತಿ ಸೀರೀಸ್, ಅಂದರೆ ಕೊನೆಯಿಲ್ಲದೆ ಕೂಡುತ್ತಾ ಹೋಗುವ ಮೊತ್ತಗಳ ಪ್ರಶ್ನೆಗಳದು.

ಅದರಲ್ಲಿ ಒಂದು ಪ್ರಶ್ನೆ ಹೀಗಿತ್ತು. 1 + 1/2 + 1/3 + 1/4 ಅಂತ ಕೂಡುತ್ತಾ ಹೋದರೆ ಮೊತ್ತ ಎಲ್ಲಾದರೂ ನಿಲ್ಲುತ್ತದಾ, ಇಲ್ಲ ಬೆಳೆಯುತ್ತಲೇ ಇರುತ್ತದಾ? 'ಪದಗಳು ಸೊನ್ನೆಗೆ ಹತ್ತಿರವಾಗುತ್ತವೆ, ಆದ್ದರಿಂದ ನಿಲ್ಲುತ್ತದೆ' ಅಂತ ನಾನು ಬರೆದಿದ್ದೆ. ಅದರ ಮೇಲೆ ಕೆಂಪು ಗೀಟು. ಈ ಸಲ ಪುಸ್ತಕ ಮುಚ್ಚಿಟ್ಟು ಗುಂಪು ಮಾಡಿ ನೋಡಿದೆ. ಎರಡು 1/4 ಸೇರಿದರೇನೇ ಅರ್ಧ, ಹಾಗಾದರೆ 1/3 ಮತ್ತು 1/4 ಸೇರಿದರೆ ಅರ್ಧಕ್ಕಿಂತ ಜಾಸ್ತಿ. 1/5ರಿಂದ 1/8ರವರೆಗಿನ ನಾಲ್ಕು ಸೇರಿದರೆ ಮತ್ತೆ ಅರ್ಧಕ್ಕಿಂತ ಜಾಸ್ತಿ. ಆಮೇಲಿನ ಎಂಟು, ಅದರಾಚೆಯ ಹದಿನಾರು, ಎಲ್ಲವೂ ಹಾಗೆಯೇ. ಅರ್ಧಗಳು ಮುಗಿಯುವುದೇ ಇಲ್ಲ! ಫ್ರಾನ್ಸಿನ ಗಣಿತಜ್ಞ ನಿಕೋಲ್ ಒರೆಸ್ಮ್ 14ನೇ ಶತಮಾನದಲ್ಲೇ ಹೀಗೆ ತೋರಿಸಿದ್ದರು. ಆದರೂ ಬೆಳೆಯುವುದು ಎಷ್ಟು ನಿಧಾನ ಅಂದರೆ, ಮೊತ್ತ 10 ದಾಟಲು 12,367 ಪದ ಬೇಕು. ನನಗೆ ಅದು ನಿಂತ ಹಾಗೆ ಕಂಡಿದ್ದು ಸುಮ್ನೆ ಅಲ್ಲ.

ಸೀರೀಸ್ ನಿಲ್ಲುತ್ತದಾ ಇಲ್ಲವಾ ಅಂತ ಪರೀಕ್ಷಿಸುವ ವಿಧಾನಗಳಿಗೆ ಟೆಸ್ಟ್ ಅನ್ನುತ್ತಾರೆ. ಇಡೀ ಸೆಮಿಸ್ಟರ್ ಆ ಟೆಸ್ಟ್‌ಗಳ ಹೆಸರನ್ನು ಬಾಯಿಪಾಠ ಮಾಡಿದ್ದೆ. ಹೀಗೆ ಒಂದು ಸಲವೂ ಕೂತಿರಲಿಲ್ಲ. ಅವತ್ತು ನಿಜಕ್ಕೂ ಬೇಜಾರಾಯಿತು. ಕಡಿಮೆ ಅಂಕಕ್ಕಲ್ಲ, ಇಷ್ಟು ಚೆಂದದ್ದು ಕೈತಪ್ಪಿ ಹೋಗಿತ್ತಲ್ಲ ಅಂತ.

ಮಾರನೇ ದಿನ ಮುಂದಿನ ಕೋರ್ಸಿನ ಪುಸ್ತಕ ತೆರೆದೆ. ಶುರುವಿನಲ್ಲೇ ಜನಸಂಖ್ಯೆ ಬೆಳೆಯುವ ಸಮೀಕರಣ. ಪಾರ್ಷಿಯಲ್ ಫ್ರ್ಯಾಕ್ಷನ್ ಮಾಡಿ, ಅಂದರೆ ಒಂದು ಭಿನ್ನರಾಶಿಯನ್ನು ಸರಳ ಭಿನ್ನರಾಶಿಗಳಾಗಿ ಒಡೆದು, ಬಿಡಿಸಬೇಕು. ತಿಣುಕಾಡಿ ನಲವತ್ತು ನಿಮಿಷದಲ್ಲಿ ಮುಗಿಸಿದೆ. ಮುಂದೆ ಉತ್ತರವನ್ನೇ ಪವರ್ ಸೀರೀಸ್, ಅಂದರೆ x, x², x³ ಹೀಗೆ ಘಾತಗಳನ್ನು ಕೂಡುತ್ತಾ ಹೋಗುವ ಸೀರೀಸ್, ಅಂತ ಹಿಡಿದು ಹುಡುಕುವ ಅಧ್ಯಾಯ ಬಂತು. ಎರಡನೇ ಸಾಲಿನಲ್ಲೇ ನಿಂತುಬಿಟ್ಟೆ. ಆ ಸೀರೀಸ್ ಎಲ್ಲಿಯವರೆಗೆ ನಡೆಯುತ್ತದೆ ಅಂತ ರೇಷಿಯೋ ಟೆಸ್ಟ್ ಹಾಕಿ, ಅಂದರೆ ಪ್ರತಿ ಪದವನ್ನು ಅದರ ಹಿಂದಿನ ಪದಕ್ಕೆ ಹೋಲಿಸಿ, ನೋಡಬೇಕು. ಅದೇ ನನ್ನ 28 ಅಂಕದ ಜಾಗ.

ನನ್ನ ಮುಂದಿನ ಓದಿಗೆ ಗಣಿತ ಬೇಡವಾಗಿದ್ದರೆ ಈ ಡಿ ಇಟ್ಟುಕೊಂಡೇ ಹೋಗುತ್ತಿದ್ದೆ. ಅದರಲ್ಲಿ ತಪ್ಪೇನೂ ಇಲ್ಲ. ಆದರೆ ನನಗೆ ಓದಬೇಕಾಗಿರುವುದು ಫಿಸಿಕ್ಸ್.

ನಿಯಮವನ್ನೂ ಕೇಳಿಕೊಂಡೆ. ಕೆಲವು ಕಾಲೇಜುಗಳಲ್ಲಿ ಹಳೆಯ ಗ್ರೇಡ್ ಜಾಗಕ್ಕೆ ಹೊಸದು ಬರುತ್ತದೆ, ಕೆಲವು ಕಡೆ ಎರಡರ ಸರಾಸರಿ ಹಿಡಿಯುತ್ತಾರೆ. ನಮ್ಮಲ್ಲಿ ಲೆಕ್ಕಕ್ಕೆ ಹೊಸದು, ಅಂಕಪಟ್ಟಿಯಲ್ಲಿ ಎರಡೂ ಕಾಣುತ್ತವೆ. ಕ್ರೆಡಿಟ್ ಮಾತ್ರ ಒಂದೇ ಸಲ. ಜೊತೆಗೆ ಓದಿದವರೆಲ್ಲ ಒಂದು ಸೆಮಿಸ್ಟರ್ ಮುಂದೆ ಹೋಗುತ್ತಾರೆ. ಅದು ಚುಚ್ಚುತ್ತದೆ, ಇಲ್ಲ ಅನ್ನುವುದಿಲ್ಲ.

ನಿನ್ನೆ ಅದೇ ಕ್ಯಾಲ್ಕುಲಸ್ ಕೋರ್ಸಿಗೆ ಮತ್ತೆ ಹೆಸರು ಕೊಟ್ಟು ಬಂದೆ. ಕ್ಲಾಸ್ ಶುರುವಾಗಲು ಐದು ವಾರ ಇದೆ. ಅಷ್ಟರಲ್ಲಿ ಆ 22 ಅಂಕದ ಕೆಲಸ ಮುಗಿಸಬೇಕು. ದಿನಕ್ಕೆ ಹತ್ತು ಬೀಜಗಣಿತದ ಲೆಕ್ಕ, ಉತ್ತರ ನೋಡದೆ. ಇವತ್ತಿನ ಹತ್ತರಲ್ಲಿ ಏಳು ಸರಿಯಾಯಿತು. ಉಳಿದ ಮೂರನ್ನು ರಾತ್ರಿ ಮತ್ತೆ ಮಾಡುತ್ತೇನೆ.