ಹೆಸರು ಮುಚ್ಚಿಟ್ಟರೆ ಯಾವ ಊರು?

14 ಅಕ್ಟೋಬರ್ 2025, ಮಂಗಳವಾರ ರಾತ್ರಿ

ಅಕ್ಕನ ಪ್ರಶ್ನೆ ಇನ್ನೂ ಕೊರೆಯುತ್ತಿದೆ. ಜಾಝ್ ಪಿಯಾನೊ ವಾದಕ ಬ್ರಾಡ್ ಮೆಲ್ಡಾವ್ ಅವರ ‘ಪ್ಲೇಸಸ್’ ಕೇಳುತ್ತಾ ಕುಳಿತಿದ್ದೆವು. 2000ದ ಆಲ್ಬಂ. ಬಾಸ್ ಎಂಬ ತಗ್ಗುದನಿಯ ತಂತಿವಾದ್ಯದಲ್ಲಿ ಲ್ಯಾರಿ ಗ್ರೆನೇಡಿಯರ್, ಡ್ರಮ್ಸ್‌ನಲ್ಲಿ ಹೋರ್ಹೆ ರೊಸ್ಸಿ. ಲಾಸ್ ಏಂಜಲೀಸ್, ಮ್ಯಾಡ್ರಿಡ್, ಆಮ್‌ಸ್ಟರ್‌ಡ್ಯಾಂ, ಪೆರೂಜಾ, ಪ್ಯಾರಿಸ್ ಎಂದು ಹೆಚ್ಚಿನ ರಚನೆಗಳಿಗೆಲ್ಲ ಊರಿನ ಹೆಸರು. “ಹೆಸರು ಮುಚ್ಚಿಟ್ಟು ಕೇಳಿಸಿದರೆ ಇದು ಪ್ಯಾರಿಸ್ ಎಂದು ಗುರುತಿಸುತ್ತೀಯಾ?” ಎಂದಳು.

ಗುರುತಿಸಲಾರೆ. ಪ್ಯಾರಿಸ್ ಎಂದು ಅಕಾರ್ಡಿಯನ್ ತಂದಿಲ್ಲ, ಮ್ಯಾಡ್ರಿಡ್ ಎಂದು ಗಿಟಾರ್ ತಂದಿಲ್ಲ. ನನಗೆ ಇಷ್ಟವಾಗುವುದೇ ಅದು. ಕಛೇರಿ ಕೊಡಲು ಊರೂರು ಸುತ್ತುವ ವಾದಕನಿಗೆ ಗೋಪುರ, ಸೇತುವೆಗಳಿಗಿಂತ ಕಾಯುವ ಹೊತ್ತೇ ಹೆಚ್ಚು ಸಿಗುತ್ತದೆ. ಇದರಲ್ಲಿ ‘ಏರ್‌ಪೋರ್ಟ್ ಸ್ಯಾಡ್‌ನೆಸ್’ ಎಂಬ ರಚನೆಯೂ ಇದೆ. ಮೆಲ್ಡಾವ್ ಬೆಳೆದ ಅಮೆರಿಕದ ಸಣ್ಣ ಊರು ವೆಸ್ಟ್ ಹಾರ್ಟ್‌ಫರ್ಡ್ ಕೂಡ ಮಹಾನಗರಗಳ ನಡುವೆ ಸಂಕೋಚವಿಲ್ಲದೆ ಕುಳಿತಿದೆ. ಲಾಸ್ ಏಂಜಲೀಸ್ ಅಂತೂ ಮೂರು ಸಲ ಬರುತ್ತದೆ: ಮೊದಲಿಗೆ, ನಡುವೆ, ಕೊನೆಗೆ. ಎಲ್ಲಿಗೆ ಹೋದರೂ ಅದೇ ಎಳೆ ಹಿಂದೆ ಬರುತ್ತದೆ.

“ಹಾಗಾದರೆ ಊರಿನ ಹೆಸರೇಕೆ?” ಅವಳು ಬಿಡುವವಳಲ್ಲ.

ಆಗ ಹೊಳೆಯದ ಉತ್ತರ ಈಗ ಹೊಳೆಯುತ್ತಿದೆ. ಕೆನಡಾದ ಜಾಝ್ ಪಿಯಾನೊ ವಾದಕ ಆಸ್ಕರ್ ಪೀಟರ್ಸನ್ ನೆನಪಾದರು. 1964ರ ‘ಕೆನೇಡಿಯಾನಾ ಸ್ವೀಟ್’, ಕೆನಡಾದ ಜಾಗಗಳ ಮೇಲಿನ ರಚನೆಗಳ ಮಾಲೆ. ಬಾಸ್ ರೇ ಬ್ರೌನ್, ಡ್ರಮ್ಸ್ ಎಡ್ ಥಿಗ್ಪೆನ್. ಅದರ ‘ಪ್ಲೇಸ್ ಸೇಂಟ್ ಹೆನ್ರಿ’ ಮಾಂಟ್ರಿಯಲ್‌ನ ಒಂದು ಬಡಾವಣೆಗೆ ಸಂದದ್ದು. ಪೀಟರ್ಸನ್ ಹುಟ್ಟಿ ಬೆಳೆದ ನಗರ ಅದು. ತಂದೆ ರೈಲಿನಲ್ಲಿ ಪೋರ್ಟರ್ ಆಗಿದ್ದರು. ಪಿಯಾನೊ ಅಲ್ಲಿ ಗುರುತಿನವರ ಬೀದಿಯಲ್ಲಿ ಓಡಾಡುವಷ್ಟು ಸಲುಗೆಯಿಂದ ಓಡುತ್ತದೆ. ಮೆಲ್ಡಾವ್ ಅವರಲ್ಲಿ ಇರುವುದು ಅತಿಥಿಯ ಎಚ್ಚರ. ಎರಡೂ ನಗರಸಂಗೀತವೇ. ಹೆಸರು ನಗರವನ್ನು ತೋರಿಸುವುದಕ್ಕಿಂತ, ನುಡಿಸುವವನು ಅಲ್ಲಿ ಯಾರಾಗಿದ್ದ ಎಂಬುದನ್ನು ಹೇಳುತ್ತದೆ.

ಮುಂದಿನ ತಿಂಗಳು ಅಕ್ಕ ಕೆಲಸಕ್ಕೆಂದು ಬೇರೆ ದೇಶಕ್ಕೆ ಹೊರಡುತ್ತಾಳೆ. ಆ ವಿಷಯ ಇಬ್ಬರೂ ಎತ್ತಲಿಲ್ಲ. ನನಗೆ ಭಯವಿದೆ, ಅವಳಿಗೆ ಇನ್ನೂ ಹೆಚ್ಚಿರಬೇಕು. ಅಷ್ಟು ಹಟ ಹಿಡಿದು ಕೇಳಿದ್ದು ಬರೀ ಸಂಗೀತದ ಬಗ್ಗೆ ಅಲ್ಲವೇನೋ.

ಸಾಕು, ಅದು ಬೇಡ. ಇನ್ನೊಂದು ಸಂಗತಿ ಅವಳಿಗೆ ಹೇಳಲೇ ಇಲ್ಲ. ಆಲ್ಬಂನ ಕೆಲವು ಊರುಗಳಲ್ಲಿ ಬಾಸ್ ಇಲ್ಲ, ಡ್ರಮ್ಸ್ ಇಲ್ಲ, ಪಿಯಾನೊ ಮಾತ್ರ. ಜೊತೆಗಾರರನ್ನು ಎಲ್ಲಿಗೆ ಕರೆದುಕೊಂಡು ಹೋದರು, ಎಲ್ಲಿಗೆ ಒಬ್ಬರೇ ಹೋದರು ಎಂದು ನೋಡುತ್ತಾ ಹೋದರೆ