ಬಂದ ಕಾರಣ: ಇಂಟರ್‌ವ್ಯೂ

ಗೇಟಿನ ಹತ್ತಿರ ಒಂದು ರಿಜಿಸ್ಟರ್ ಇಟ್ಟಿದ್ದರು. ಹೆಸರು, ಫೋನ್ ನಂಬರ್, ಯಾರನ್ನು ನೋಡಬೇಕು, ಬಂದ ಕಾರಣ, ಒಳಗೆ ಹೋದ ಸಮಯ, ಹೊರಗೆ ಬಂದ ಸಮಯ. ಪೆನ್ನಿಗೆ ದಾರ ಕಟ್ಟಿತ್ತು. ಆ ದಾರ ಪುಟದ ಕೆಳಗಿನವರೆಗೆ ಎಟುಕುತ್ತಿರಲಿಲ್ಲ. ರಿಜಿಸ್ಟರನ್ನೇ ಹತ್ತಿರ ಎಳೆದುಕೊಂಡಾಗ ಇಡೀ ಪುಟ ಕಣ್ಣಿಗೆ ಬಿತ್ತು. 'ಬಂದ ಕಾರಣ' ಅನ್ನೋ ಕಾಲಂನಲ್ಲಿ ಮೇಲುಗಡೆ ಯಾರೋ 'ಇಂಟರ್‌ವ್ಯೂ' ಅಂತ ಬರೆದಿದ್ದರು. ಅದರ ಕೆಳಗೆ ಡಿಟ್ಟೋ. ಅದರ ಕೆಳಗೂ ಡಿಟ್ಟೋ. ನಡುವೆ ಎರಡು ಕಡೆ ಮಾತ್ರ 'ಕೊರಿಯರ್', ಮತ್ತೆ ಡಿಟ್ಟೋ. 'ಯಾರನ್ನು ನೋಡಬೇಕು' ಅನ್ನೋ ಕಡೆಯೂ ಹೆಚ್ಚು ಕಮ್ಮಿ ಒಂದೇ ಹೆಸರು. ನಾನು ನೋಡಬೇಕಾಗಿದ್ದ ಮ್ಯಾನೇಜರ್ ಹೆಸರು.

ನಾನೂ ಡಿಟ್ಟೋ ಹಾಕಿ ಒಳಗೆ ಹೋದೆ.

ಆಗ ಏನೂ ಅನ್ನಿಸಲಿಲ್ಲ ಅಂದರೆ ಸುಳ್ಳಾಗುತ್ತದೆ. ಅನ್ನಿಸಿತು. 'ಪರವಾಗಿಲ್ಲ, ಕಂಪನಿ ಬೆಳೀತಾ ಇದೆ, ಜನ ತಗೊಳ್ತಿದ್ದಾರೆ' ಅಂತ ಅನ್ನಿಸಿತು. ಕೆಲಸ ಹೋಗಿ 4 ತಿಂಗಳಾಗಿತ್ತು ನೋಡಿ. ಅಂಥ ಹೊತ್ತಲ್ಲಿ ಎದುರಿಗೆ ಏನು ಕಂಡರೂ ಮನಸ್ಸು ಅದಕ್ಕೊಂದು ಒಳ್ಳೆ ಅರ್ಥ ಹುಡುಕಿ ಇಡುತ್ತದೆ.

11 ಗಂಟೆಗೆ ಬರಲು ಹೇಳಿದ್ದವರು ಕರೆದಾಗ 12:20. ಇದನ್ನು ನಾನು ದೊಡ್ಡದು ಮಾಡುವುದಿಲ್ಲ. ಆಮೇಲೆ ನಾನು ಸೇರಿದ ಆಫೀಸಿನಲ್ಲೂ ಮುಕ್ಕಾಲು ಗಂಟೆ ಕಾಯಿಸಿದ್ದರು. ಆದರೆ ಅಲ್ಲಿ ಒಬ್ಬರು ಬಂದು "ಒಂದು ಮೀಟಿಂಗ್ ಮುಗೀತಿಲ್ಲ, ಕೂತಿರ್ತೀರೋ ಇನ್ನೊಂದು ದಿನ ಬರ್ತೀರೋ?" ಅಂತ ಕೇಳಿದ್ದರು. ಇಲ್ಲಿ ಯಾರೂ ಬರಲಿಲ್ಲ. ನಾನಾಗಿ ಎದ್ದು ಹೋಗಿ ವಿಚಾರಿಸಿದರೆ "ಕರೀತಾರೆ" ಅಂದರು, ಅಷ್ಟೆ.

ಅವತ್ತು ಮೂರು ಜನ ನನ್ನನ್ನು ಮಾತಾಡಿಸಿದರು. ಮೂವರಿಗೂ ನಾನು ಕೇಳಿದ ಒಂದು ಪ್ರಶ್ನೆ ಮಾತ್ರ ಒಂದೇ: ಈ ಜಾಗ ಯಾಕೆ ಖಾಲಿ ಆಯ್ತು? ಏನೋ ಪತ್ತೆ ಮಾಡಬೇಕು ಅಂತ ಕೇಳಿದ್ದಲ್ಲ. "ನಿಮ್ಮದೇನಾದರೂ ಪ್ರಶ್ನೆ ಇದೆಯಾ?" ಅಂದಾಗ ಸುಮ್ನೆ ಕೂರಬಾರದಲ್ಲ, ಅದಕ್ಕೆ.

ಎಚ್‌ಆರ್ ಹೇಳಿದ್ದು: "ಇದು ಹೊಸ ಪೋಸ್ಟ್. ಈಗ ತಾನೇ ಮಾಡಿದ್ದು."

ಟೀಮ್ ಲೀಡ್ ಹೇಳಿದ್ದು: "ಮೊದಲಿದ್ದವರು ಮುಂದೆ ಓದೋಕೆ ಹೋದ್ರು."

ಮ್ಯಾನೇಜರ್ ಹೇಳಿದ್ದು: "ಅವನಿಗೆ ಪ್ರೆಷರ್ ತಡ್ಕೊಳ್ಳೋಕೆ ಆಗ್ಲಿಲ್ಲ. ಈಗಿನೋರಿಗೆ ಕಮಿಟ್‌ಮೆಂಟೇ ಇಲ್ಲ."

ಒಂದೇ ಕುರ್ಚಿ, ಮೂರು ಕಥೆ. ಅದಕ್ಕೂ ನನ್ನ ಹತ್ತಿರ ವಿವರಣೆ ತಯಾರಿತ್ತು. ಎಚ್‌ಆರ್‌ಗೆ ಮಾಹಿತಿ ಇರಲಿಕ್ಕಿಲ್ಲ, ದೊಡ್ಡ ಆಫೀಸ್ ಅಲ್ವಾ!

ಮ್ಯಾನೇಜರ್ ಮಾತಾಡುತ್ತಿದ್ದಾಗಲೇ ಒಬ್ಬ ಹುಡುಗಿ ಲ್ಯಾಪ್‌ಟಾಪ್ ಹಿಡಿದು ಒಳಗೆ ಬಂದಳು. ಅವರು ತಲೆ ಎತ್ತಲಿಲ್ಲ. "ನಾನು ಕರೆದೆನಾ?" ಅಂದರು. ದನಿ ಏರಿಸಲಿಲ್ಲ, ಸಿಟ್ಟೂ ಕಾಣಲಿಲ್ಲ. ಅವಳು ಹಾಗೇ ಹಿಂದಕ್ಕೆ ಸರಿದು ಬಾಗಿಲು ಹಾಕಿಕೊಂಡಳು. ಆ ಬಾಗಿಲು ಹಾಕಿದ ರೀತಿ ನನಗೆ ಇವತ್ತಿಗೂ ನೆನಪಿದೆ. ಹಿಡಿಯನ್ನು ಪೂರ್ತಿ ಕೆಳಗೆ ಒತ್ತಿ ಹಿಡಿದು, ಬಾಗಿಲು ಕೂಡಿದ ಮೇಲೆ ಮೆಲ್ಲಗೆ, ಮೆಲ್ಲಗೆ ಬಿಟ್ಟಳು. ಚೂರೂ ಸದ್ದಾಗಲಿಲ್ಲ. ಒಂದೆರಡು ಸಲಕ್ಕೆ ಹಾಗೆ ಬರುವುದಿಲ್ಲ. ತುಂಬ ದಿನದ ಅಭ್ಯಾಸ ಬೇಕು.

ಇವರು ನನ್ನ ಕಡೆ ತಿರುಗಿ ನಕ್ಕು, "ನಮ್ಮದು ಆಫೀಸ್ ಅಲ್ಲ, ಒಂದು ಫ್ಯಾಮಿಲಿ ಇದ್ದ ಹಾಗೆ" ಅಂದರು. ಇಲ್ಲಿ ಕೆಲಸದ ಒಂದು ಮಾಮೂಲಿ ದಿನ ಹೇಗಿರುತ್ತದೆ ಅಂತ ಕೇಳಿದೆ. "ಇಲ್ಲಿ ಮಾಮೂಲಿ ದಿನ ಅಂತ ಇರೋದೇ ಇಲ್ಲ" ಅಂದರು. ರಾತ್ರಿ 10ಕ್ಕೆ ಫೋನ್ ಮಾಡಿದರೆ ತೆಗೀತೀರಾ ಅಂತಲೂ ಕೇಳಿದರು. ತೆಗೀತೀನಿ ಅಂದೆ. ಹೇಳಲು ನಾಚಿಕೆಯಾಗುತ್ತದೆ, ನಗುನಗುತ್ತಾ ಅಂದೆ.

ಟೆಸ್ಟ್ ಅಂತ ಒಂದು ಎಕ್ಸೆಲ್ ಫೈಲ್ ಕಳಿಸಿದ್ದರು, ಎರಡು ದಿನದ ಗಡುವು. ಕೆಲಸ ನೋಡಿದರೆ ಎರಡು ರಾತ್ರಿ ನಿದ್ದೆಗೆಟ್ಟು ಮಾಡುವಷ್ಟಿತ್ತು. ಎರಡನೇ ರಾತ್ರಿ ಒಂದು ಲೆಕ್ಕ ತಾಳೆಯಾಗಲಿಲ್ಲ. ಫಾರ್ಮುಲಾ ಎಲ್ಲಿಂದ ಅಂಕಿ ತರುತ್ತಿದೆ ಅಂತ ಹಿಂದೆ ಹಿಂದೆ ಹೋದರೆ, ಹೈಡ್ ಮಾಡಿಟ್ಟಿದ್ದ ಒಂದು ಶೀಟ್ ಸಿಕ್ಕಿತು. ಅದರಲ್ಲಿ ಅವರ ಕ್ಲೈಂಟ್ ಹೆಸರು, ಕೆಳಗೆ 'ಸೋಮವಾರ ಕಳಿಸಬೇಕು' ಅನ್ನೋ ಟಿಪ್ಪಣಿ. ಟೆಸ್ಟೂ ಅಲ್ಲ, ಎಂಥದೂ ಅಲ್ಲ. ಅವರ ಆ ವಾರದ ಕೆಲಸ! ರಿಜಿಸ್ಟರ್‌ನಲ್ಲಿ ಡಿಟ್ಟೋ ಹಾಕಿದ್ದ ಅಷ್ಟೂ ಜನಕ್ಕೆ ಒಂದೊಂದು ತುಂಡು ಹಂಚಿದ್ದರೋ ಏನೋ. ನಾನು ಶೀಟನ್ನು ಮತ್ತೆ ಹೈಡ್ ಮಾಡಿ, ಲೆಕ್ಕ ಸರಿ ಮಾಡಿ ಕಳಿಸಿದೆ.

ನನ್ನ ಗೆಳತಿಯೊಬ್ಬಳು ಬೇರೆ ಕಡೆ ಎಚ್‌ಆರ್‌ನಲ್ಲಿದ್ದಾಳೆ. ಅವಳಿಗೆ ಫೋನ್ ಮಾಡಿ ಇದನ್ನೆಲ್ಲ ಹೇಳಿದೆ. ಅವಳು ಬಯ್ಯಲಿಲ್ಲ. "ಲಿಂಕ್ಡ್‌ಇನ್‌ನಲ್ಲಿ ಆ ಪೋಸ್ಟ್ ಹೆಸರು ಹಾಕಿ ಹುಡುಕು. ಈಗ ಇರೋರನ್ನಲ್ಲ ಕಣೇ, ಬಿಟ್ಟು ಹೋದೋರನ್ನ ನೋಡು" ಅಂದಳು. ನಾಲ್ಕು ಜನ ಸಿಕ್ಕರು. ಒಬ್ಬರು 7 ತಿಂಗಳು ಇದ್ದರು, ಒಬ್ಬರು 5, ಇನ್ನೊಬ್ಬರು 9. ಕೊನೆಯವರು ಮೂರೇ ತಿಂಗಳು. ಕಂಪನಿ ಬಗ್ಗೆ ಜನ ಬರೆದ ರಿವ್ಯೂಗಳನ್ನೂ ಓದಿದೆ. ಒಂದೇ ವಾರದಲ್ಲಿ ಸಾಲಾಗಿ ಐದೈದು ಸ್ಟಾರ್, ಎಲ್ಲದರಲ್ಲೂ 'ಕಲಿಯಲು ಒಳ್ಳೆ ಅವಕಾಶ'. ಅದಕ್ಕಿಂತ ಹಿಂದಿನವು ಬೇರೆಯೇ ರಾಗ. "ಸಿಟ್ಟಲ್ಲಿ ಬರೆದಿದ್ದನ್ನೆಲ್ಲ ನಂಬಬೇಡ. ಆದ್ರೆ ಬೇರೆ ಬೇರೆ ವರ್ಷ ಬಿಟ್ಟೋರು ಒಂದೇ ದೂರು ಹೇಳ್ತಿದ್ರೆ ಅದನ್ನ ಓದು" ಅಂದಳು ಗೆಳತಿ. ದೂರು ಒಂದೇ ಆಗಿತ್ತು. ಹೆಸರು ಹಾಕಿರಲಿಲ್ಲ, ಆದರೆ ಯಾವ ಕ್ಯಾಬಿನ್ ಅಂತ ನನಗೆ ಗೊತ್ತಾಯಿತು.

ಇಷ್ಟಾದ ಮೇಲೂ ಆಫರ್ ಬಂದಾಗ ನಾನು ಕುಣಿದೆ.

"ಇವತ್ತು ಸಂಜೆಯೊಳಗೆ ಸೈನ್ ಮಾಡಿ ಕಳಿಸಿ, ಲೈನಲ್ಲಿ ತುಂಬ ಜನ ಇದ್ದಾರೆ" ಅಂದರು ಎಚ್‌ಆರ್. ಇದ್ದಿದ್ದು ನಿಜ, ರಿಜಿಸ್ಟರ್ ನೋಡಿದ್ದೆನಲ್ಲ. ಲೆಟರ್ ಓದಿದೆ. ಒಟ್ಟು ಸಂಬಳ ಮಾತಾಡಿದಷ್ಟೇ ಇತ್ತು, ಆದರೆ ಅದರ ಕಾಲು ಭಾಗ 'ಪರ್ಫಾರ್ಮೆನ್ಸ್' ಅಂತ ಬೇರೆ ಆಗಿತ್ತು. ಕೊಡುವುದು ಬಿಡುವುದು ಮ್ಯಾನೇಜರ್ ಇಷ್ಟ. ನಾನು ಬಿಡುವುದಾದರೆ 90 ದಿನ ಮೊದಲು ಹೇಳಬೇಕು, ಅವರು ತೆಗೆಯುವುದಾದರೆ 7 ದಿನ ಸಾಕು. ಸರ್ಟಿಫಿಕೇಟ್‌ಗಳ ಒರಿಜಿನಲ್ ಒಂದು ವರ್ಷ ಅವರ ಹತ್ತಿರವೇ ಇರುತ್ತದೆ.

ಆ ಕೆಲಸವನ್ನು ನಾನೇ ಬೇಡ ಅಂದೆ ಅಂತ ತುಂಬ ಜನರಿಗೆ ಹೇಳಿದ್ದೇನೆ. ಕೇಳುವವರಿಗೂ ಅದು ಚೆನ್ನಾಗಿರುತ್ತದೆ. ಆಗಿದ್ದು ಬೇರೆ. ಸೈನ್ ಮಾಡುವುದು ಅಂತ ತೀರ್ಮಾನ ಮಾಡಿಯೇ ಕೂತಿದ್ದೆ. ಗೆಳತಿಯ ಬಲವಂತಕ್ಕೆ ಒಂದು ಮೇಲ್ ಹಾಕಿದೆ, ಬರೀ ಮೂರು ಸಾಲು. ಒರಿಜಿನಲ್ ಬದಲು ಜೆರಾಕ್ಸ್ ಕೊಡಬಹುದೇ, ನೋಟಿಸ್ ಪೀರಿಯಡ್ ಎರಡೂ ಕಡೆ ಒಂದೇ ಮಾಡಬಹುದೇ, ಆ ಕಾಲು ಭಾಗ ಯಾವ ಲೆಕ್ಕದ ಮೇಲೆ ಸಿಗುತ್ತದೆ. ಕೊನೆಗೆ 'ದಯವಿಟ್ಟು ತಪ್ಪು ತಿಳಿಯಬೇಡಿ' ಅಂತಲೂ ಸೇರಿಸಿದ್ದೆ.

ಮೊದಲ ರೌಂಡಿನ ಫಲಿತಾಂಶ ಹೇಳಲು ಅವರಿಗೆ 16 ದಿನ ಬೇಕಾಗಿತ್ತು. ಈ ಮೇಲ್‌ಗೆ ನಾಲ್ಕೇ ನಿಮಿಷದಲ್ಲಿ ಉತ್ತರ ಬಂತು. ನಿಮ್ಮ ಮನೋಭಾವ ನಮ್ಮ ಫ್ಯಾಮಿಲಿಗೆ ಹೊಂದುವುದಿಲ್ಲ, ಆಫರ್ ವಾಪಸ್ ತಗೊಂಡಿದ್ದೇವೆ ಅಂತ.

ಎರಡು ದಿನ ಅತ್ತೆ. ಕೇಳಲೇಬಾರದಿತ್ತು, ಸುಮ್ನೆ ಸೈನ್ ಹಾಕಿ ಕಳಿಸಿದ್ದರೆ ಆಗುತ್ತಿತ್ತು ಅಂತ ಗೆಳತಿಯ ಮೇಲೆ ರೇಗಿದ್ದೂ ಆಯಿತು.